ಕರುಳಿನ ಹುಣ್ಣು ಮಾಯಿತೆಂದು ಹೇಳುವುದು ಯಾವಾಗ?

"ಸಾಹೇಬ್ರ, ಇ.ಎಸ್.ಆರ್. ನಾರ್ಮಲ್ ಬಂದೈತ್ರಿ. ಇನ್ನ ಗುಳಿಗಿ ಬಿಡ್ಲೇನ್ರಿ?"

ರಕ್ತಮಿಶ್ರಿತ ಭೇದಿಯಿಂದ ವರ್ಷಗಟ್ಟಲೆ ಬಳಲಿದವರು ಸ್ವಲ್ಪ ಸುಧಾರಿಸಿದ ಕೂಡಲೇ ವರದಿಯ ಹಾಳೆಯನ್ನು ಮೇಜಿನ ಮೇಲೆ ಹರವಿ ಕೇಳುವ ಪ್ರಶ್ನೆ ಇದು. ಕೇಳುವಾಗ ಅವರ ಮುಖದಲ್ಲಿರುವ ಆಸೆಯನ್ನು ಕಂಡು "ಹೂಂ, ಬಿಡಿ" ಎನ್ನಲು ನಾಲಿಗೆ ತುದಿಗಾಲಿನಲ್ಲಿ ನಿಂತಿರುತ್ತದೆ. ಹಾಗೆ ಹೇಳುವುದು ತಪ್ಪು ಎಂಬುದನ್ನು ಮೂವತ್ತೈದು ವರ್ಷಗಳ ವೃತ್ತಿಜೀವನದಲ್ಲಿ ನಾನು ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ರೋಗಿಯ ನೋವಿನಿಂದ. ಆಯುರ್ವೇದ ವೈದ್ಯರಾದ ನಾವು ಈ ತಪ್ಪನ್ನು ಇತರರಿಗಿಂತ ಹೆಚ್ಚಾಗಿ ಮಾಡುತ್ತೇವೆಂಬುದು ನನ್ನ ಅಭಿಪ್ರಾಯ. ಆದುದರಿಂದ ಈ ತಿಂಗಳ ಅಂಕಣದಲ್ಲಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ರೋಗ ಯಾವುದೆಂಬುದು ಸ್ಪಷ್ಟವಾಗಬೇಕು. ಕರುಳಿನ ಉರಿಯೂತದ ದೀರ್ಘವ್ಯಾಧಿಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ಎಂಬುದು ಗುದದಿಂದ ಆರಂಭಿಸಿ ಮೇಲ್ಮುಖವಾಗಿ ದೊಡ್ಡ ಕರುಳಿನ ಒಳಪದರವನ್ನು ಎಡೆಬಿಡದೆ ಹುಣ್ಣಾಗಿಸುತ್ತದೆ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಇದನ್ನು ಬೇರೆ ರೋಗವೆಂದು ಗುರುತಿಸಿದರು. ಕ್ರೋನ್ಸ್ ಎಂಬ ಇನ್ನೊಂದನ್ನು ನ್ಯೂಯಾರ್ಕಿನ ಮೂವರು ವೈದ್ಯರು 1932ರಲ್ಲಿ ವಿವರಿಸಿದರು. ಅದು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು, ಕರುಳಿನ ಗೋಡೆಯ ಪೂರ್ಣ ದಪ್ಪವನ್ನೂ ಹೊಕ್ಕು ಕರುಳನ್ನು ಕಿರಿದಾಗಿಸಬಹುದು. ನಾಲ್ಕು ದಿನದ ಆಮಶಂಕೆ, ಮೂಲವ್ಯಾಧಿಯ ರಕ್ತಸ್ರಾವ, ಮಾನಸಿಕ ಒತ್ತಡದಿಂದ ಪದೇ ಪದೇ ಶೌಚಕ್ಕೆ ಹೋಗುವ ತೊಂದರೆ, ಇವು ಯಾವುವೂ ಈ ಗುಂಪಿಗೆ ಸೇರಿದವಲ್ಲ. ನಮ್ಮ ನಾಡಿನಲ್ಲಿ ಇನ್ನೊಂದು ತೊಡಕು ಉಂಟು: ಕರುಳಿನ ಕ್ಷಯವೂ ಕ್ರೋನ್ಸ್ ವ್ಯಾಧಿಯೂ ನೋಡಲು ಅವಳಿಗಳಂತಿರುತ್ತವೆ. ಒಂದಕ್ಕೆ ಕೊಡುವ ಸ್ಟೀರಾಯ್ಡ್ ಇನ್ನೊಂದನ್ನು ಉಲ್ಬಣಗೊಳಿಸುತ್ತದೆ. ಬಯಾಪ್ಸಿ ಇಲ್ಲದೆ ಊಹೆಯ ಮೇಲೆ ಚಿಕಿತ್ಸೆ ಆರಂಭಿಸಿದವರು ಪಟ್ಟ ಪಾಡನ್ನು ನಾನು ಬಲ್ಲೆ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಲ್ಲಿ ಗ್ರಹಣೀ ರೋಗದ, 19ನೆಯದರಲ್ಲಿ ಅತಿಸಾರದ ವಿವರಣೆ ಇದೆ. ಅವುಗಳಲ್ಲಿನ ರಕ್ತಾತಿಸಾರದ ಲಕ್ಷಣಗಳು ಇಂದಿನ ಅಲ್ಸರೇಟಿವ್ ಕೊಲೈಟಿಸ್‌ಗೆ ಬಹಳ ಹತ್ತಿರ. ಆದರೆ ಹತ್ತಿರವಿರುವುದು ಬೇರೆ, ಅದೇ ಆಗಿರುವುದು ಬೇರೆ. ಗ್ರಹಣಿ ಎಂದರೆ ಕೊಲೈಟಿಸ್ಸೇ ಎಂದು ಸಮೀಕರಿಸಿ, ಗ್ರಹಣಿಗೆ ಹೇಳಿದ ಔಷಧವೆಲ್ಲ ಕೊಲೈಟಿಸ್ಸಿಗೂ ಸಿದ್ಧೌಷಧವೆಂದು ಘೋಷಿಸುವ ನಮ್ಮ ಸಹವೃತ್ತಿಯವರ ಆತುರ ನನಗೆ ಒಪ್ಪಿಗೆಯಾಗದು.

ಈಗ ಆ ರೋಗಿಯ ವಿಷಯ. ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಪ್ರಾಥಮಿಕ ಶಾಲೆಯ ಶಿಕ್ಷಕರು, ಮೂವತ್ತರ ಆಸುಪಾಸಿನ ವಯಸ್ಸು. ದೊಡ್ಡ ಊರಿನಲ್ಲಿ ಕೊಲೊನೋಸ್ಕೋಪಿ ಆಗಿ ಅಲ್ಸರೇಟಿವ್ ಕೊಲೈಟಿಸ್ ಎಂದು ಖಚಿತವಾಗಿತ್ತು. ಮೆಸಲಮೈನ್ ಗುಳಿಗೆ ನಡೆದಿತ್ತು. ದಿನಕ್ಕೆ ಐದಾರು ಸಲ ರಕ್ತ ಕೂಡಿದ ಭೇದಿ. ತರಗತಿಯ ನಡುವೆ ಎದ್ದು ಓಡಬೇಕಾದ ಅವಮಾನ ಅವರನ್ನು ಕುಗ್ಗಿಸಿತ್ತು. ನಾನು ಕುಟಜದ ಕಷಾಯ, ಬಿಲ್ವ, ಪಥ್ಯಕ್ಕೆ ಬೆಣ್ಣೆ ತೆಗೆದ ಮಜ್ಜಿಗೆ, ಕೆಲವು ದಿನ ಪಿಚ್ಛಾಬಸ್ತಿ ಇವುಗಳನ್ನು ಯೋಜಿಸಿದೆ. ಮೂರು ತಿಂಗಳಲ್ಲಿ ರಕ್ತ ನಿಂತಿತು. ಶೌಚ ದಿನಕ್ಕೆ ಎರಡು ಸಲಕ್ಕೆ ಇಳಿಯಿತು. ತೂಕ ನಾಲ್ಕು ಕಿಲೋ ಏರಿತು. ಇ.ಎಸ್.ಆರ್. 14, ಸಿ.ಆರ್.ಪಿ. ಮಿತಿಯೊಳಗೆ. ಅವರು ಗುಳಿಗೆ ಬಿಡಲೇ ಎಂದರು. ಬಿಡಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ನಕ್ಕೆ. ಆ ನಗೆಯನ್ನು ಅವರು ಅಪ್ಪಣೆಯೆಂದು ತಿಳಿದರು. ಒಳಗೊಳಗೇ ನನಗೂ ಹೆಮ್ಮೆ ಇತ್ತೆಂಬುದನ್ನು ಮುಚ್ಚಿಡಲಾರೆ.

ಏಳು ತಿಂಗಳ ನಂತರ ಅವರ ತಮ್ಮ ಫೋನು ಮಾಡಿದರು. ದಿನಕ್ಕೆ ಹನ್ನೆರಡು ಸಲ ರಕ್ತ, ಜ್ವರ, ನಿಲ್ಲಲಾಗದಷ್ಟು ನಿಶ್ಶಕ್ತಿ. ಆಸ್ಪತ್ರೆಗೆ ಸೇರಿಸಿ ನರಕ್ಕೆ ಸ್ಟೀರಾಯ್ಡ್ ಕೊಡಬೇಕಾಯಿತು. ಎರಡು ಬಾಟಲಿ ರಕ್ತ ಏರಿಸಿದರು. ನೋಡಲು ಹೋದಾಗ ಅಲ್ಲಿನ ಜಠರ-ಕರುಳು ತಜ್ಞರು ನನ್ನನ್ನು ಬದಿಗೆ ಕರೆದು ಗೌರವದಿಂದಲೇ ಕೇಳಿದರು: "ಡಾಕ್ಟರೇ, ಗುಳಿಗೆ ನಿಲ್ಲುವ ಮುನ್ನ ಕರುಳನ್ನೊಮ್ಮೆ ನೋಡಿಸಿದ್ದಿರಾ? ಮಲದ ಪರೀಕ್ಷೆಯಾದರೂ ಆಗಿತ್ತೇ?" ನನ್ನಲ್ಲಿ ಉತ್ತರವಿರಲಿಲ್ಲ. ರೋಗಿಗೆ ಹಿತವೆನಿಸಿತ್ತು, ರಕ್ತದ ವರದಿ ಹಿತವಾಗಿತ್ತು, ಇಷ್ಟೇ ನನ್ನ ಆಧಾರ.

ಆಮೇಲೆ ಕುಳಿತು ಓದಿದೆ. ಇ.ಎಸ್.ಆರ್. ಎಂಬುದು ಒಂದು ಗಂಟೆಯಲ್ಲಿ ಕೆಂಪು ರಕ್ತಕಣಗಳು ನಳಿಕೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆಂಬ ಅಳತೆ. ರಕ್ತಹೀನತೆಯಿದ್ದರೂ ಏರುತ್ತದೆ, ಬಸುರಿನಲ್ಲೂ ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ಏರಿದ್ದು ಇಳಿಯಲು ವಾರಗಳೇ ಬೇಕು. ಸಿ.ಆರ್.ಪಿ. ಇದಕ್ಕಿಂತ ಚುರುಕು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ 1930ರಲ್ಲಿ ಕಂಡುಕೊಂಡ ಈ ಪ್ರೋಟೀನನ್ನು ತಯಾರಿಸುವುದು ಯಕೃತ್ತು. ದೇಹದಲ್ಲಿ ಎಲ್ಲಿಯೋ ಉರಿಯೂತವಿದೆ ಎಂಬ ಸಂದೇಶ ಯಕೃತ್ತಿಗೆ ಮುಟ್ಟಿದಾಗ ಅದು ಹೆಚ್ಚು ತಯಾರಾಗುತ್ತದೆ. ಕಾರಣ ತೀರಿದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ತೊಡಕು ಇರುವುದು ಆ ಸಂದೇಶದಲ್ಲಿಯೇ. ಕ್ರೋನ್ಸ್ ವ್ಯಾಧಿಯಲ್ಲಿ ಉರಿಯೂತ ಕರುಳಿನ ಗೋಡೆಯ ಆಳಕ್ಕೆ ಇಳಿಯುವುದರಿಂದ ಸಿ.ಆರ್.ಪಿ. ಸಾಮಾನ್ಯವಾಗಿ ಏರುತ್ತದೆ, ಅಲ್ಲಿ ಅದು ಒಳ್ಳೆಯ ಸಾಕ್ಷಿ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಹುಣ್ಣು ತೆಳುವಾದ ಒಳಪದರಕ್ಕೇ ಸೀಮಿತವಾಗಿರುವುದರಿಂದ ಅನೇಕರಲ್ಲಿ ಯಕೃತ್ತು ಎಚ್ಚರಗೊಳ್ಳುವುದೇ ಇಲ್ಲ. ರೋಗ ಗುದಭಾಗದಲ್ಲಷ್ಟೇ ಇದ್ದರಂತೂ ರಕ್ತ ಒಸರುತ್ತಿರುವಾಗಲೂ ಸಿ.ಆರ್.ಪಿ. ಸಹಜವಾಗಿರುವುದು ಸಾಮಾನ್ಯ. ಹುಟ್ಟಿನಿಂದಲೇ ಸಿ.ಆರ್.ಪಿ. ಹೆಚ್ಚು ಏರದ ಮೈಪ್ರಕೃತಿಯವರೂ ಇದ್ದಾರೆ. ನಮ್ಮ ಕಡೆಯ ರೈತರಿಗೆ ಹೇಳುವುದಾದರೆ, ಬಣವೆಯ ಒಡಲಲ್ಲಿ ಹೊತ್ತಿದ ಬೆಂಕಿಯಂತೆ ಇದು. ಮೇಲೆ ಕೈಯಿಟ್ಟರೆ ಹುಲ್ಲು ತಣ್ಣಗೇ ಇರುತ್ತದೆ. ಏರಿದ ಸಿ.ಆರ್.ಪಿ.ಯನ್ನು ಅಲಕ್ಷಿಸಬಾರದು, ಸಹಜವಾದ ಸಿ.ಆರ್.ಪಿ.ಯನ್ನು ಅತಿಯಾಗಿ ನಂಬಲೂಬಾರದು.

ರಕ್ತಪರೀಕ್ಷೆ ನಿರರ್ಥಕವೆಂದು ಇದರ ಅರ್ಥವಲ್ಲ. ಹಿಮೋಗ್ಲೋಬಿನ್ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದು ತಿಳಿಯಬೇಕು. ಆಲ್ಬುಮಿನ್ ಇಳಿದು ಪ್ಲೇಟ್‌ಲೆಟ್ ಏರುತ್ತಿದ್ದರೆ ಉರಿಯೂತ ಜೀವಂತವಾಗಿದೆ. ಫೆರಿಟಿನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಬ್ಬಿಣದ ಸಂಗ್ರಹವನ್ನು ತೋರಿಸುವ ಈ ಸಂಖ್ಯೆ ಉರಿಯೂತವಿದ್ದಾಗ ತಾನಾಗಿಯೇ ಉಬ್ಬುತ್ತದೆ. ಆದುದರಿಂದ ರೋಗ ಕೆರಳಿರುವಾಗ ಅದು 80 ಅಥವಾ 90 ಇದ್ದರೂ ಕಬ್ಬಿಣದ ಕೊರತೆ ಇರಬಹುದು. ವರದಿಯಲ್ಲಿ ನಾರ್ಮಲ್ ಎಂದು ಅಚ್ಚಾಗಿದ್ದನ್ನು ಕಂಡು ಬಿಳಿಚಿಕೊಂಡ ಹೆಣ್ಣುಮಗಳನ್ನು ಹಾಗೆಯೇ ಮನೆಗೆ ಕಳುಹಿಸಿದ ಉದಾಹರಣೆಗಳನ್ನು ನೋಡಿದ್ದೇನೆ.

ಕರುಳಿನ ಸುದ್ದಿಯನ್ನು ಹತ್ತಿರದಿಂದ ತರುವುದು ಮಲ. ಉರಿಯೂತವಿರುವಲ್ಲಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸಿ ಕರುಳಿನೊಳಕ್ಕೆ ಸೋರುತ್ತವೆ. ಆ ಕಣಗಳಲ್ಲಿ ಹೇರಳವಾಗಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಮಲದೊಡನೆ ಹೊರಬರುತ್ತದೆ. ನಾರ್ವೆಯ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ವರ್ಣಿಸಿದರು. 1990ರ ದಶಕದಲ್ಲಿ ಮಲದಲ್ಲಿ ಅಳೆಯುವ ವಿಧಾನ ಬಂದಿತು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕರುಳಿನಲ್ಲಿ ಗಣನೀಯ ಉರಿಯೂತವಿರುವ ಸಂಭವ ಕಡಿಮೆ. 250 ದಾಟಿದರೆ ರೋಗ ಕೆರಳಿದೆಯೆಂದು ಅನುಮಾನಿಸಬೇಕು. ಅಲ್ಸರೇಟಿವ್ ಕೊಲೈಟಿಸ್ ರೋಗಿಗೆ ಲಕ್ಷಣಗಳೇನೂ ಇಲ್ಲದಿದ್ದು ಈ ಸಂಖ್ಯೆ 150ರ ಕೆಳಗಿದ್ದರೆ ಸಕ್ರಿಯ ಉರಿಯೂತವಿಲ್ಲವೆಂದು ಬಹುಮಟ್ಟಿಗೆ ನಂಬಬಹುದೆಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಂದೇ ಸಂಖ್ಯೆಗಿಂತ ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದ ಸಂಖ್ಯೆಗಳ ಸಾಲು ಹೆಚ್ಚು ಬೆಲೆಯುಳ್ಳದ್ದು. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗಿದವರಲ್ಲಿ, ಸೋಂಕಿನ ಭೇದಿಯಲ್ಲಿ ಈ ಸಂಖ್ಯೆ ಬೇರೆ ಕಾರಣಕ್ಕೂ ಏರುತ್ತದೆಯಾದ್ದರಿಂದ ಆ ವಿಷಯಗಳನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಚಿಕ್ಕ ಊರುಗಳಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಮಾದರಿಯನ್ನು ದೊಡ್ಡ ನಗರಕ್ಕೆ ಕಳುಹಿಸುತ್ತಾರೆ, ಖರ್ಚೂ ರಕ್ತಪರೀಕ್ಷೆಗಿಂತ ಬಹಳ ಹೆಚ್ಚು. ಆದರೆ ಖರ್ಚಿಗಿಂತ ದೊಡ್ಡ ಅಡ್ಡಿ ನಾಚಿಕೆ. ರಕ್ತ ಕೊಡಲು ತೋಳು ಚಾಚುವವರು ಮಲದ ಡಬ್ಬಿಯನ್ನು ಮುಟ್ಟಲು ಒಲ್ಲರು. ಸೊಸೆ ಡಬ್ಬಿ ತಂದುಕೊಟ್ಟರೆ ಮಾವ ಅದನ್ನು ಹಿತ್ತಿಲಿಗೆ ಎಸೆದ ಪ್ರಸಂಗವೂ ನನಗೆ ಗೊತ್ತು. ನಮ್ಮ ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಮಲವನ್ನು ನೀರಿಗೆ ಹಾಕಿ, ಮುಳುಗಿದರೆ ಆಮಯುಕ್ತ, ತೇಲಿದರೆ ಪಕ್ವ ಎಂದು ಅವರು ನಿರ್ಣಯಿಸುತ್ತಿದ್ದರು. ಬಣ್ಣ, ವಾಸನೆ, ಲೋಳೆ ಎಲ್ಲವನ್ನೂ ಬರೆದಿಟ್ಟರು. ಆ ಪರಂಪರೆಯ ನಾವು ಮಲಪರೀಕ್ಷೆಯನ್ನು ಬಿಟ್ಟು ರಕ್ತದ ಚೀಟಿಯನ್ನೇ ಹಿಡಿದು ಕುಳಿತದ್ದು ವಿಪರ್ಯಾಸವೇ ಸರಿ.

ಹುಣ್ಣು ಮಾಯಿತೆಂದು ಕೊನೆಗೆ ಹೇಳಬಲ್ಲದ್ದು ಕಣ್ಣು. ಕೊಲೊನೋಸ್ಕೋಪಿಯಲ್ಲಿ ಒಳಪದರದ ಸ್ಥಿತಿಯನ್ನು ಮೇಯೋ ಎಂಬ ಮಾಪನದಲ್ಲಿ ಸೊನ್ನೆಯಿಂದ ಮೂರರವರೆಗೆ ಗುರುತಿಸುತ್ತಾರೆ. ಸೊನ್ನೆಯೆಂದರೆ ನುಣುಪಾದ ಪದರ, ರಕ್ತನಾಳಗಳ ಬಲೆ ಸ್ಪಷ್ಟ. ಒಂದೆಂದರೆ ಅಲ್ಪಸ್ವಲ್ಪ ಕೆಂಪು. ಎರಡರಲ್ಲಿ ಮುಟ್ಟಿದರೆ ರಕ್ತ, ತರಚು. ಮೂರರಲ್ಲಿ ಹುಣ್ಣು, ತಾನಾಗಿಯೇ ಒಸರುವ ರಕ್ತ. ಈ ರೋಗಗಳ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ತಜ್ಞರ ಸಂಘಟನೆ 2015ರಲ್ಲಿ ಚಿಕಿತ್ಸೆಯ ಗುರಿಗಳನ್ನು ಗೊತ್ತುಪಡಿಸಿ 2021ರಲ್ಲಿ ಪರಿಷ್ಕರಿಸಿತು. ಅದರ ಕ್ರಮ ಅರ್ಥಪೂರ್ಣವಾಗಿದೆ: ಮೊದಲು ರೋಗಿಯ ಬಾಧೆ ಶಮನವಾಗಬೇಕು, ನಡುವಣ ಹಂತದಲ್ಲಿ ಸಿ.ಆರ್.ಪಿ. ಸಹಜಕ್ಕೆ ಬಂದು ಕ್ಯಾಲ್‌ಪ್ರೊಟೆಕ್ಟಿನ್ ಇಳಿಯಬೇಕು, ದೀರ್ಘಾವಧಿಯ ಗುರಿಯಾಗಿ ಕರುಳಿನ ಪದರವೇ ಮಾಯಬೇಕು. ನಾನು ಅಂದು ಮೊದಲನೆಯ ಹಂತದ ಮೆಟ್ಟಿಲಲ್ಲಿ ನಿಂತು ಗುಡ್ಡ ಏರಿದೆನೆಂದುಕೊಂಡಿದ್ದೆ.

ಈ ಗುರಿಗಳನ್ನು ಬೆನ್ನಟ್ಟುವುದರಿಂದ ರೋಗಿಗೆ ಲಾಭವುಂಟೇ ಎಂದು ಕೇಳುವುದು ನ್ಯಾಯ. ಕ್ರೋನ್ಸ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಕಾಮ್ ಎಂಬ ಅಧ್ಯಯನದಲ್ಲಿ 244 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುಖ್ಯವಾಗಿ ಬಾಧೆಯನ್ನು ನೋಡಿ, ಇನ್ನೊಂದಕ್ಕೆ ಬಾಧೆಯ ಜೊತೆಗೆ ಸಿ.ಆರ್.ಪಿ. ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ನೋಡಿ ಔಷಧಿಯನ್ನು ಏರಿಳಿಸಿದರು. 48 ವಾರಗಳ ನಂತರ ಕರುಳು ಮಾಯ್ದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 30 ಮಂದಿಗೆ, ಎರಡನೆಯದರಲ್ಲಿ ನೂರಕ್ಕೆ 46 ಮಂದಿಗೆ. ಮಾಯ್ದ ಕರುಳಿನವರಲ್ಲಿ ರೋಗ ಮರುಕಳಿಸುವುದೂ ಶಸ್ತ್ರಚಿಕಿತ್ಸೆಯ ಅಗತ್ಯವೂ ಕಡಿಮೆ. ದೊಡ್ಡ ಕರುಳು ವರ್ಷಾನುಗಟ್ಟಲೆ ಉರಿಯುತ್ತಿದ್ದರೆ ಕ್ಯಾನ್ಸರ್‌ನ ಭಯವೂ ಇದೆ. ಅದಕ್ಕಾಗಿಯೇ ರೋಗ ಗುದಭಾಗವನ್ನು ದಾಟಿ ಹರಡಿದವರಿಗೆ ಆರಂಭವಾದ ಎಂಟು ವರ್ಷಗಳ ನಂತರ ತಪಾಸಣೆಯ ಕೊಲೊನೋಸ್ಕೋಪಿ ಬೇಕೆನ್ನುತ್ತಾರೆ, ಅವರು ಎಷ್ಟೇ ಚೆನ್ನಾಗಿದ್ದರೂ.

ನನ್ನ ಸಹವೃತ್ತಿ ಬಾಂಧವರಿಗೆ ಒಂದೆರಡು ಮಾತು. ನಮ್ಮ ಸಮ್ಮೇಳನಗಳಲ್ಲಿ ಓದುವ ಪ್ರಬಂಧಗಳಲ್ಲಿ ಚಿಕಿತ್ಸೆಗೆ ಮುಂಚೆ ಶೌಚ ಎಂಟು ಸಲ, ಆಮೇಲೆ ಎರಡು ಸಲ, ಇ.ಎಸ್.ಆರ್. 40ರಿಂದ 15, ಆದುದರಿಂದ ರೋಗಿ ಗುಣಮುಖ ಎಂಬ ಬರವಣಿಗೆ ಸಾಮಾನ್ಯ. ಈ ರೋಗ ತಾನಾಗಿಯೂ ಕೆಲಕಾಲ ಅಡಗುವ ಸ್ವಭಾವದ್ದು. ಅಡಗಿದ್ದನ್ನು ನಮ್ಮ ಕಷಾಯದ ಖಾತೆಗೆ ಜಮಾ ಮಾಡಿಕೊಳ್ಳುವ ಮೊದಲು ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿತ್ತು, ಒಳಪದರ ಹೇಗಿತ್ತು ಎಂದು ಬರೆಯಬೇಡವೇ? ನಮ್ಮ ದ್ರವ್ಯಗಳಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳುತ್ತಿಲ್ಲ. ಅರಿಸಿನದ ಕರ್ಕ್ಯುಮಿನ್ ಅಂಶವನ್ನು ಜಪಾನಿನಲ್ಲಿ ಹನಾಯಿ ಮತ್ತು ಸಂಗಡಿಗರು 89 ಕೊಲೈಟಿಸ್ ರೋಗಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು ಕರ್ಕ್ಯುಮಿನ್ ಪಡೆದ 43 ಜನರಲ್ಲಿ ಇಬ್ಬರಿಗೆ, ಪಡೆಯದ 39 ಜನರಲ್ಲಿ ಎಂಟು ಮಂದಿಗೆ. ಸಂತೋಷದ ಸುದ್ದಿಯೇ. ಆದರೆ ಆ ರೋಗಿಗಳೆಲ್ಲರೂ ಮೆಸಲಮೈನ್ ಅಥವಾ ಸಲ್ಫಾಸಲಜೈನ್ ಗುಳಿಗೆಯನ್ನು ಬಿಡದೆ ಸೇವಿಸುತ್ತಿದ್ದರೆಂಬುದನ್ನು ನಮ್ಮವರು ಉಲ್ಲೇಖಿಸುವಾಗ ಮರೆಯುತ್ತಾರೆ. ಕೊಟ್ಟದ್ದು ದಿನಕ್ಕೆ ಎರಡು ಗ್ರಾಂ ಕರ್ಕ್ಯುಮಿನ್. ಅರಿಸಿನದಲ್ಲಿ ಅದು ನೂರಕ್ಕೆ ಎರಡರಿಂದ ಐದು ಭಾಗ ಮಾತ್ರ ಇರುವುದರಿಂದ ಸಾರಿಗೆ ಹಾಕುವ ಚಿಟಿಕೆಯನ್ನು ಇದರೊಡನೆ ಹೋಲಿಸಲಾಗದು.

ಅದೇ ಜಪಾನಿನಲ್ಲಿ ನೀಲಿಗಿಡದಿಂದ ಮಾಡಿದ ಚಿಂಗ್‌ದಾಯಿ ಎಂಬ ಪುಡಿ ಕೊಲೈಟಿಸ್ಸಿಗೆ ಚೆನ್ನಾಗಿ ಕೆಲಸ ಮಾಡಿತು. ಜೊತೆಗೆ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ಅಪಾಯಕರವಾಗಿ ಏರಿಸಿತು. 2016ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ಎಚ್ಚರಿಕೆ ಕೊಡಬೇಕಾಯಿತು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆನ್ನುವವರು ಇದನ್ನು ನೆನಪಿಡಬೇಕು. ಇನ್ನು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿಗಳ ಮಾತೇ ಬೇರೆ. ಎರಡು ದಿನದಲ್ಲಿ ಭೇದಿ ನಿಂತು, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೆಂದು ಸಂಶಯಪಡಬೇಕು.

ಆಧುನಿಕ ವೈದ್ಯಮಿತ್ರರ ಮೇಲೆಯೂ ನನ್ನದೊಂದು ದೂರಿದೆ. ಮೂಲಿಕೆಯ ಹೆಸರೆತ್ತಿದರೆ ಗದರುವುದರಿಂದ ರೋಗಿ ನಮ್ಮ ಔಷಧವನ್ನು ಬಿಡುವುದಿಲ್ಲ, ಮುಚ್ಚಿಡುತ್ತಾನೆ. ಇತ್ತ ನಮ್ಮ ಹತ್ತಿರ ಗುಳಿಗೆ ಬಿಟ್ಟದ್ದನ್ನು ಮುಚ್ಚಿಡುತ್ತಾನೆ. ಇಬ್ಬರು ವೈದ್ಯರ ನಡುವೆ ನಿಂತ ಆ ಮನುಷ್ಯನ ಕರುಳು ಏನು ಉಂಡಿತೆಂಬುದು ಇಬ್ಬರಿಗೂ ತಿಳಿಯದೆ ಹೋಗುತ್ತದೆ.

ಓದುಗರಿಗೆ ತುರ್ತಾಗಿ ತಿಳಿದಿರಬೇಕಾದದ್ದೊಂದಿದೆ. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಹೇಳಿದ ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ, ಅಥವಾ ನಾಡಿ ನಿಮಿಷಕ್ಕೆ 90 ದಾಟಿರುವುದು, ಅಥವಾ ಹಿಮೋಗ್ಲೋಬಿನ್ ಹತ್ತೂವರೆಗಿಂತ ಇಳಿದಿರುವುದು, ಅಥವಾ ಇ.ಎಸ್.ಆರ್. 30 ದಾಟಿರುವುದು. ಹೀಗಿದ್ದರೆ ಕಷಾಯವೂ ಬೇಡ, ಬಸ್ತಿಯೂ ಬೇಡ, ಭೇದಿ ಕಟ್ಟುವ ಗುಳಿಗೆಯೂ ಬೇಡ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ಉಬ್ಬಿ ಭೇದಿ ಇದ್ದಕ್ಕಿದ್ದಂತೆ ನಿಂತರೆ ಅದನ್ನು ಗುಣವೆಂದು ತಿಳಿಯದೆ ಇನ್ನೂ ಬೇಗ ಹೋಗಬೇಕು. ಶ್ರಾವಣದ ಉಪವಾಸ ಹಿಡಿಯುವ ಹಿರಿಯರು ರೋಗ ಕೆರಳಿದ್ದಾಗ, ಆಲ್ಬುಮಿನ್ ಇಳಿದಿದ್ದಾಗ ಉಪವಾಸ ಮಾಡಬಾರದು. ಆ ದಿನಗಳಲ್ಲಿ ಹಸಿ ತರಕಾರಿ, ಖಾರದ ಚಟ್ನಿಗಿಂತ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆಯ ಕಟ್ಟು, ಒಗ್ಗಿದವರಿಗೆ ಮಜ್ಜಿಗೆ ಲೇಸು. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಟ್ಟು ಯಾವ ವೈದ್ಯರ ಬಳಿಗೆ ಹೋದರೂ ಪೂರ್ತಿ ತೋರಿಸಬೇಕು.

ಒಳಪದರ ಮಾಯ್ದಿದೆಯೆಂದು ಕಂಡ ಮೇಲೂ ಮೆಸಲಮೈನನ್ನು ರೋಗ ಮರಳದಂತೆ ತಡೆಯಲು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಇದು ರೋಗಿಗಳಿಗೆ ಬೇಸರದ ಸಂಗತಿ, ಆದರೆ ವಾಸ್ತವ.

ಆ ಶಿಕ್ಷಕರು ಈಗಲೂ ನನ್ನ ಬಳಿ ಬರುತ್ತಾರೆ. ಅದು ಅವರ ದೊಡ್ಡತನ. ಗುಳಿಗೆ ತಜ್ಞರದು, ಪಥ್ಯ ನನ್ನದು. ಕಳೆದ ವರ್ಷ ಅವರ ಕ್ಯಾಲ್‌ಪ್ರೊಟೆಕ್ಟಿನ್ 310 ಇತ್ತು, ಸಿ.ಆರ್.ಪಿ. ಆಗಲೂ ಸಹಜ. ಬಾಧೆಯೇನೂ ಇರಲಿಲ್ಲ. ತಜ್ಞರು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಈ ಸಲ 68 ಬಂದಿದೆ. ಪ್ರಮಾಣ ಇಳಿಸಬಹುದೇ ಎಂದು ಮತ್ತೆ ಕೇಳಿದರು. ನಾನು ಈ ಬಾರಿ ನಗಲಿಲ್ಲ. ತಜ್ಞರಿಗೊಂದು ಪತ್ರ ಬರೆದುಕೊಟ್ಟೆ. ಮುಂದಿನ ತಿಂಗಳು ಕೊಲೊನೋಸ್ಕೋಪಿ ಇದೆ.